ಕೋವಿಡ್ ನಂತರ ಮಕ್ಕಳ ನ್ಯುಮೋನಿಯಾ: ಬದಲಾದದ್ದೇನು, ಬದಲಾಗದ್ದೇನು?

ಕೋವಿಡ್ ಬಂದುಹೋದ ಮೇಲೆ ಮಕ್ಕಳ ಕೆಮ್ಮಿನ ಸ್ವರೂಪವೇ ಬೇರೆಯಾಗಿದೆ ಎಂಬ ಮಾತು ಊರೂರಲ್ಲೂ ಕೇಳಿಬರುತ್ತದೆ. ಒಮ್ಮೆ ಹಿಡಿದ ಕೆಮ್ಮು ವಾರಗಟ್ಟಲೆ ಬಿಡುವುದಿಲ್ಲ, ಚಳಿಗಾಲಕ್ಕೆ ಬರುತ್ತಿದ್ದ ಜ್ವರ ಈಗ ಯಾವಾಗ ಬೇಕೆಂದರೆ ಆವಾಗ ಬರುತ್ತದೆ, ಒಂದು ಬಾಟಲಿ ಸಿರಪ್‌ಗೆ ಇಳಿಯುತ್ತಿದ್ದದ್ದು ಮೂರು ಬಾಟಲಿ ಮುಗಿದರೂ ಇಳಿಯುವುದಿಲ್ಲ ಎನ್ನುತ್ತಾರೆ. ಕೊಡುವ ಕಾರಣಗಳೂ ತರಹೇವಾರಿ: ಮಾಸ್ಕ್ ಹಾಕಿಸಿ ಮಕ್ಕಳ ಶಕ್ತಿ ಕುಂದಿಸಿದರು, ಲಸಿಕೆಯಿಂದ ಹೀಗಾಯಿತು, ಯಾವುದೋ ಹೊಸ ರೋಗಾಣು ಬಂದಿದೆ. ಹಲವು ದೇಶಗಳಲ್ಲಿ ಸಿಕ್ಕಿರುವ ಪುರಾವೆಗಳನ್ನು ಒಟ್ಟಿಗಿಟ್ಟು ನೋಡಿದರೆ ಕಾಣುವುದು ಬೇರೆ ಚಿತ್ರ. ರೋಗಾಣುಗಳು ಹಳೆಯವೇ. ಅವು ಬರುವ ಕಾಲ ಬದಲಾಗಿದೆ, ಅವು ಹಿಡಿಯುವ ಮಕ್ಕಳ ವಯಸ್ಸು ಬದಲಾಗಿದೆ, ಕೋವಿಡ್ ಅವಧಿಯಲ್ಲಿ ಕೆಲವು ಮಕ್ಕಳಿಗೆ ಲಸಿಕೆ ತಪ್ಪಿದೆ. ಹಾಗಾಗಿ ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡಿನಂಥ ಊರುಗಳಿಗೆ ಇಂದು ಬೇಕಾಗಿರುವುದು ಇನ್ನಷ್ಟು ಬಿರುಸಾದ ಔಷಧ ಅಲ್ಲ. ಲಸಿಕೆಗಳನ್ನು ದಾಖಲಿಸುವ ತಾಯಿ ಕಾರ್ಡ್ ಪೂರ್ತಿಯಾಗಬೇಕು, ಮಗುವಿನ ಉಸಿರನ್ನು ಎಣಿಸಲು ಮನೆಯವರಿಗೆ ಬರಬೇಕು, ಆಂಟಿಬಯೋಟಿಕ್ ವಿಷಯದಲ್ಲಿ ಹಿಡಿತ ಇರಬೇಕು. ಈ ಮಾತಿಗೆ ಆಧಾರವೇನು ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ಆ ರೋಗಾಣುಗಳ ಪರಿಚಯ. ಮಕ್ಕಳ ನ್ಯುಮೋನಿಯಾಕ್ಕೆ ಕಾರಣವಾಗುವ ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದದ್ದು ನ್ಯುಮೋಕಾಕಸ್. ಇದು ಎಲ್ಲಿಂದಲೋ ಹಾರಿ ಬರುವ ಶತ್ರುವಲ್ಲ. ಆರೋಗ್ಯವಾಗಿ ಆಡಿಕೊಂಡಿರುವ ಎಷ್ಟೋ ಮಕ್ಕಳ ಮೂಗಿನ ಹಿಂಭಾಗದಲ್ಲಿ ಇದು ವಾರಗಟ್ಟಲೆ, ತಿಂಗಳುಗಟ್ಟಲೆ ಏನೂ ತೊಂದರೆ ಕೊಡದೆ ಇರುತ್ತದೆ. ಒಂದು ಮಗುವಿನಿಂದ ಇನ್ನೊಂದಕ್ಕೆ, ಮೊಮ್ಮಗುವಿನಿಂದ ಅಜ್ಜಿಗೆ ದಾಟುತ್ತದೆ. ಶ್ವಾಸಕೋಶಕ್ಕೋ ರಕ್ತಕ್ಕೋ ಇಳಿದಾಗ ಮಾತ್ರ ಅಪಾಯ. ಹಿಮೋಫಿಲಸ್ ಇನ್‌ಫ್ಲುಯೆಂಜಾ ಎಂಬ ಬ್ಯಾಕ್ಟೀರಿಯಾದ ಕಥೆಯೂ ಹೆಚ್ಚುಕಡಿಮೆ ಇದೇ. ಗಂಟಲುನೋವು ತರುವ ಎ ಗುಂಪಿನ ಸ್ಟ್ರೆಪ್ಟೋಕಾಕಸ್, ಶಾಲೆಗೆ ಹೋಗುವ ಮಕ್ಕಳಲ್ಲಿ ಬಿಡದ ಕೆಮ್ಮು ತರುವ ಮೈಕೋಪ್ಲಾಸ್ಮಾ, ನಾಯಿಕೆಮ್ಮಿನ ಬ್ಯಾಕ್ಟೀರಿಯಾ, ಕ್ಷಯದ ಬ್ಯಾಕ್ಟೀರಿಯಾ, ಇವು ಉಳಿದ ಪ್ರಮುಖರು. ಇವುಗಳಲ್ಲಿ ಒಂದೂ ಕೋವಿಡ್ ನಂತರ ಹುಟ್ಟಿದ್ದಲ್ಲ.

2020ರ ಲಾಕ್‌ಡೌನ್ ಇವುಗಳ ನಡವಳಿಕೆಯನ್ನು ತೋರಿಸಿಕೊಟ್ಟಿತು. 26 ದೇಶ ಮತ್ತು ಪ್ರಾಂತ್ಯಗಳ ಪ್ರಯೋಗಾಲಯಗಳು ಸೇರಿ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜನರ ಓಡಾಟ ನಿಂತ ನಾಲ್ಕು ವಾರಕ್ಕೆ ರಕ್ತಕ್ಕೆ ಇಳಿಯುವಂಥ ಗಂಭೀರ ನ್ಯುಮೋಕಾಕಸ್ ಸೋಂಕು ಶೇ 68ರಷ್ಟು, ಎಂಟು ವಾರಕ್ಕೆ ಶೇ 82ರಷ್ಟು ಕುಸಿಯಿತು. ಜನ ಆಸ್ಪತ್ರೆಗೆ ಹೋಗಲು ಹೆದರಿದ್ದರಿಂದ ಲೆಕ್ಕ ಕಡಿಮೆಯಾಗಿರಬಹುದಲ್ಲವೇ ಎಂದು ಯಾರಾದರೂ ಕೇಳಬಹುದು. ಆ ಸಂಶೋಧಕರೂ ಇದನ್ನೇ ಕೇಳಿಕೊಂಡಿದ್ದರು. ಆದ್ದರಿಂದ ಉಸಿರಿನ ಮೂಲಕ ಹರಡದ, ಹೆರಿಗೆಯ ವೇಳೆ ತಾಯಿಯಿಂದ ಶಿಶುವಿಗೆ ಬರುವ ಬಿ ಗುಂಪಿನ ಸ್ಟ್ರೆಪ್ಟೋಕಾಕಸ್ ಲೆಕ್ಕವನ್ನೂ ಜೊತೆಗೇ ಹಿಡಿದರು. ಅದು ಇಳಿಯಲೇ ಇಲ್ಲ. ಆಸ್ಪತ್ರೆಗೆ ಬರುವವರು ಕಡಿಮೆಯಾದದ್ದೇ ಕಾರಣವಾಗಿದ್ದರೆ ಎರಡೂ ಒಟ್ಟಿಗೆ ಇಳಿಯಬೇಕಿತ್ತು. ಉಸಿರಿನ ಮೂಲಕ ಹರಡುವ ಸೋಂಕು ನಿಜವಾಗಿಯೇ ತಗ್ಗಿತ್ತು.

ಇದಕ್ಕಿಂತ ಅಚ್ಚರಿಯ ಸಂಗತಿ ಇಸ್ರೇಲಿನಿಂದ ಬಂತು. ಅಲ್ಲಿನ ಸಂಶೋಧಕರು ಅದೇ ಅವಧಿಯಲ್ಲಿ ಪುಟ್ಟ ಮಕ್ಕಳ ಮೂಗಿನಿಂದ ಮಾದರಿ ತೆಗೆದು ನೋಡಿದರು. ಗಂಭೀರ ಕಾಯಿಲೆ ಬಹುಪಾಲು ಇಳಿದಿದ್ದರೂ ಮೂಗಿನಲ್ಲಿ ನ್ಯುಮೋಕಾಕಸ್ ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು. ಬ್ಯಾಕ್ಟೀರಿಯಾ ಎಲ್ಲಿಗೂ ಹೋಗಿರಲಿಲ್ಲ. ಮಾಯವಾಗಿದ್ದದ್ದು ಆರ್‌ಎಸ್‌ವಿ, ಫ್ಲೂ, ಮೆಟಾನ್ಯುಮೋವೈರಸ್ ಎಂಬ ಉಸಿರಾಟದ ವೈರಸ್‌ಗಳು. ಇಲ್ಲಿಯೇ ಇಡೀ ವಿಷಯದ ಕೀಲಿ ಇದೆ. ನಮ್ಮ ಉಸಿರಿನ ನಾಳದ ಒಳಗೋಡೆಯಲ್ಲಿ ಸೂಕ್ಷ್ಮ ರೋಮಗಳಿವೆ. ಅವು ಕಫವನ್ನೂ ಅದರಲ್ಲಿ ಸಿಕ್ಕಿದ ರೋಗಾಣುಗಳನ್ನೂ ಸದಾ ಮೇಲಕ್ಕೆ ತಳ್ಳುತ್ತಿರುತ್ತವೆ. ವೈರಸ್ ಈ ಒಳಗೋಡೆಯನ್ನು ಹಾಳುಮಾಡಿದಾಗ ಮೂಗಿನಲ್ಲಿ ಸುಮ್ಮನಿದ್ದ ಬ್ಯಾಕ್ಟೀರಿಯಾ ಕೆಳಗಿಳಿಯುತ್ತದೆ. ಬ್ಯಾಕ್ಟೀರಿಯಾ ಒಳನುಗ್ಗುವ ಕಳ್ಳನಾದರೆ, ಬಾಗಿಲು ತೆರೆದುಕೊಡುವುದು ವೈರಸ್. ಇದು ಈಗ ಹೊಳೆದ ವಿಷಯವೂ ಅಲ್ಲ. 1918ರ ಫ್ಲೂ ಮಹಾಮಾರಿಯಲ್ಲಿ ಸತ್ತವರ ಶ್ವಾಸಕೋಶದ ಉಳಿದಿದ್ದ ಮಾದರಿಗಳನ್ನೂ ಶವಪರೀಕ್ಷೆಯ ದಾಖಲೆಗಳನ್ನೂ ಅಮೆರಿಕದ ವಿಜ್ಞಾನಿಗಳು ಮರುಪರಿಶೀಲಿಸಿ, ಬಹುತೇಕ ಸಾವುಗಳಲ್ಲಿ ಫ್ಲೂ ಬೆನ್ನಿಗೇ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾದ ಪಾತ್ರವಿತ್ತು ಎಂದು 2008ರಲ್ಲಿ ತೋರಿಸಿದ್ದರು.

ಇನ್ನು ಮಕ್ಕಳು ಒಟ್ಟಿಗೆ ಸೇರುವ ಶಾಲೆ, ಅಂಗನವಾಡಿಗಳ ಬಾಗಿಲುಗಳು ಮತ್ತೆ ತೆರೆದದ್ದು ಯಾವಾಗ? ಕರ್ನಾಟಕದಲ್ಲಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳಲ್ಲಿ ಒಂದರಿಂದ ಐದನೇ ತರಗತಿಗಳು ಮತ್ತೆ ಶುರುವಾದದ್ದು 2021ರ ಅಕ್ಟೋಬರ್ 25ರಂದು. ಅಂಗನವಾಡಿಗಳು ತೆರೆದದ್ದು ನವೆಂಬರ್‌ನಲ್ಲಿ. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಪುಟ್ಟ ಮಕ್ಕಳು ಮನೆಯಲ್ಲೇ ಇದ್ದರು. ಸಾಮಾನ್ಯವಾಗಿ ಮೊದಲ ಎರಡು ವರ್ಷದಲ್ಲಿ ಆಗಿಹೋಗುವ ನೆಗಡಿ ಕೆಮ್ಮುಗಳು ಎಷ್ಟೋ ಮಕ್ಕಳಿಗೆ ಆಗಲೇ ಇಲ್ಲ. ಆಮೇಲೆ ಎರಡು ಮೂರು ವರ್ಷದ ಸಾಲಿನ ಮಕ್ಕಳು ಒಟ್ಟಿಗೆ ಆ ಸೋಂಕುಗಳಿಗೆ ಸಿಕ್ಕರು. ಜಗತ್ತಿನ ಬೇರೆಡೆ ಇದರ ಪರಿಣಾಮ ಅಲೆಯಲೆಯಾಗಿ ಕಂಡಿತು. ಎ ಗುಂಪಿನ ಸ್ಟ್ರೆಪ್ಟೋಕಾಕಸ್ ಸೋಂಕು ಫ್ರಾನ್ಸ್, ಐರ್ಲೆಂಡ್, ನೆದರ್‌ಲೆಂಡ್ಸ್, ಸ್ವೀಡನ್, ಬ್ರಿಟನ್‌ಗಳಲ್ಲಿ ಏರುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಡಿಸೆಂಬರ್‌ನಲ್ಲಿ ಎಚ್ಚರಿಸಿತು. 2023ರ ಚಳಿಗಾಲದ ಆರಂಭದಲ್ಲಿ ಚೀನಾದ ಮಕ್ಕಳ ಆಸ್ಪತ್ರೆಗಳು ಮೈಕೋಪ್ಲಾಸ್ಮಾ ರೋಗಿಗಳಿಂದ ತುಂಬಿದವು. 2024ರಲ್ಲಿ ಇಂಗ್ಲೆಂಡ್ ಒಂದರಲ್ಲೇ 14 ಸಾವಿರಕ್ಕೂ ಹೆಚ್ಚು ನಾಯಿಕೆಮ್ಮು ಪ್ರಕರಣಗಳು ಖಚಿತವಾದವು. ವಯಸ್ಸಿನ ಬದಲಾವಣೆಗೆ ಅಮೆರಿಕದ ಅಂಕಿ ಒಳ್ಳೆಯ ಸಾಕ್ಷಿ. ಮೈಕೋಪ್ಲಾಸ್ಮಾ ಐದು ವರ್ಷ ದಾಟಿದ ಮಕ್ಕಳ ಕಾಯಿಲೆ ಎಂದೇ ವೈದ್ಯರು ಓದಿದ್ದರು. ಅಲ್ಲಿ 2024ರ ಏಪ್ರಿಲ್‌ನಿಂದ ಅಕ್ಟೋಬರ್ ಒಳಗೆ, ನ್ಯುಮೋನಿಯಾ ಎಂದು ತುರ್ತು ಘಟಕಕ್ಕೆ ಬಂದ ಎರಡರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಇದರ ಪಾಲು ಶೇ 1ರಿಂದ ಶೇ 7.2ಕ್ಕೆ ಏರಿತು.

ಇದನ್ನೆಲ್ಲ ಕೇಳಿದವರು, ಮಾಸ್ಕ್ ಮತ್ತು ಲಾಕ್‌ಡೌನ್ ಮಕ್ಕಳ ರೋಗನಿರೋಧಕ ಶಕ್ತಿಯನ್ನೇ ಕೆಡಿಸಿತು ಎಂದಂತಾಯಿತಲ್ಲ ಎನ್ನಬಹುದು. ಹಾಗಲ್ಲ. ಒಂದು ಸೋಂಕನ್ನು ಇನ್ನೂ ಎದುರಿಸದ ಮಗುವಿನ ಶಕ್ತಿ ಕುಂದಿಲ್ಲ, ಆ ಒಂದು ರೋಗಾಣುವಿನ ಪರಿಚಯ ಮಾತ್ರ ಅದಕ್ಕಿಲ್ಲ. ಪರಿಚಯವಿಲ್ಲದ ಮಕ್ಕಳು ಒಂದೇ ಕಾಲದಲ್ಲಿ ಹೆಚ್ಚಾದರೆ ಸೋಂಕು ಬೇಗ ಹಬ್ಬುತ್ತದೆ. ಇದು ಸಮುದಾಯದ ಲೆಕ್ಕವೇ ಹೊರತು ಒಂದೊಂದು ಮಗುವಿನ ದೇಹಕ್ಕಾದ ಹಾನಿಯಲ್ಲ. ಎಲ್ಲವನ್ನೂ ಲಾಕ್‌ಡೌನ್ ತಲೆಗೆ ಕಟ್ಟುವುದೂ ಸರಿಯಾಗುವುದಿಲ್ಲ. ಸ್ವೀಡನ್ ತನ್ನ ಪುಟ್ಟ ಮಕ್ಕಳ ಶಾಲೆಗಳನ್ನು ಮುಚ್ಚಲೇ ಇಲ್ಲ, ಆದರೂ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಎಚ್ಚರಿಸಿದ ದೇಶಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಬ್ರಿಟನ್‌ನಲ್ಲಿ ಹಬ್ಬಿದ ಸ್ಟ್ರೆಪ್ಟೋಕಾಕಸ್‌ನ ಹೆಚ್ಚು ವಿಷಕಾರಿ ತಳಿಯನ್ನು ವಿಜ್ಞಾನಿಗಳು ಗುರುತಿಸಿದ್ದು 2019ರಲ್ಲಿ, ಅಂದರೆ ಕೋವಿಡ್‌ಗೂ ಮೊದಲು. ನಾಯಿಕೆಮ್ಮಂತೂ ಮೂರು ನಾಲ್ಕು ವರ್ಷಕ್ಕೊಮ್ಮೆ ತಾನಾಗಿಯೇ ಏರುವ ಕಾಯಿಲೆ. ಹಾಗಿದ್ದ ಮೇಲೆ ಮಕ್ಕಳು ಕಾಯಿಲೆ ಬಿದ್ದೇ ಗಟ್ಟಿಯಾಗಲಿ ಎಂಬ ತೀರ್ಮಾನಕ್ಕೆ ಬರುವುದು ಅಪಾಯ. ನೆಗಡಿ ಮೂರು ವರ್ಷಕ್ಕೆ ಬಂದರೆ ತಡೆದುಕೊಳ್ಳುವ ಮಗು, ಅದೇ ವೈರಸ್ ಮೂರನೇ ತಿಂಗಳಿಗೆ ಬಂದರೆ ಆಸ್ಪತ್ರೆ ಸೇರಬಹುದು. ಸೋಂಕು ತಡವಾಗಿ ಬರುವುದು ಬಹಳಷ್ಟು ಸಲ ಲಾಭವೇ.

ಲಸಿಕೆಯಿಂದಲೇ ಹೀಗಾಯಿತು ಎಂಬ ಆಕ್ಷೇಪಕ್ಕೆ ಉತ್ತರ ಇನ್ನೂ ನೇರವಾಗಿದೆ. ಭಾರತದಲ್ಲಿ ಕೋವಿಡ್ ಲಸಿಕೆ 15ರಿಂದ 18 ವರ್ಷದವರಿಗೆ 2022ರ ಜನವರಿಯಲ್ಲಿ, 12ರಿಂದ 14 ವರ್ಷದವರಿಗೆ ಅದೇ ವರ್ಷದ ಮಾರ್ಚ್‌ನಲ್ಲಿ ಶುರುವಾಯಿತು. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಸರ್ಕಾರದ ಕಾರ್ಯಕ್ರಮದಲ್ಲಿ ಆ ಲಸಿಕೆ ಕೊಡಲೇ ಇಲ್ಲ. ನ್ಯುಮೋನಿಯಾ ಹೆಚ್ಚು ಕಾಡುವುದು ಐದು ವರ್ಷದೊಳಗಿನ ಮಕ್ಕಳನ್ನು. ಅವರು ಹಾಕಿಸಿಕೊಳ್ಳದ ಲಸಿಕೆ ಅವರ ಕಾಯಿಲೆಗೆ ಕಾರಣವಾಗುವುದು ಹೇಗೆ? ಹಾಸನ ಜಿಲ್ಲೆಗೆ ಈ ಬಗೆಯ ಗಾಳಿಮಾತಿನ ಅನುಭವ ಹೊಸದಲ್ಲ. 2025ರ ಮೇ, ಜೂನ್‌ನಲ್ಲಿ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ದಿನವೂ ಬರತೊಡಗಿದಾಗ ಕೋವಿಡ್ ಲಸಿಕೆಯತ್ತ ಬೆರಳು ಹೋಯಿತು, ಜನ ಭಯದಿಂದ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ಒಂದೊಂದು ಸಾವನ್ನೂ ಪರಿಶೀಲಿಸಿದಾಗ, ಸಂಖ್ಯೆ ಅಸಹಜವಾಗಿ ಏರಿಲ್ಲ, ಹೆಚ್ಚಿನವರಲ್ಲಿ ಧೂಮಪಾನ, ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ಹಳೆಯ ಕಾರಣಗಳೇ ಇದ್ದವು ಎಂದು ಗೊತ್ತಾಯಿತು. ಎಣಿಸಿ ನೋಡುವ ಮೊದಲೇ ಕಾರಣ ಹೇಳಬಾರದು ಎಂಬುದು ಅದರಿಂದ ಕಲಿಯಬೇಕಾದ ಪಾಠ. ಮಕ್ಕಳ ವಿಷಯದಲ್ಲಿ ಆ ಭಯದ ಬೆಲೆ ಇನ್ನೂ ದೊಡ್ಡದು, ಏಕೆಂದರೆ ಒಂದು ಲಸಿಕೆಯ ಮೇಲಿನ ಅನುಮಾನ ಉಳಿದ ಲಸಿಕೆಗಳ ಮೇಲೂ ಹಬ್ಬುತ್ತದೆ.

ಯುರೋಪು, ಇಸ್ರೇಲು, ಅಮೆರಿಕದ ಅಂಕಿಗಳಿಂದ ಅರಸೀಕೆರೆಗೆ ಏನಾಗಬೇಕು ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಅಲ್ಲಿನ ಶೇಕಡಾವಾರು ಲೆಕ್ಕವನ್ನು ಹಾಗೇ ತಂದು ಇಲ್ಲಿಗೆ ಅಂಟಿಸಲಾಗದು. ಒಂದೇ ಮಾದರಿಯಲ್ಲಿ ಹಲವು ರೋಗಾಣುಗಳನ್ನು ಹುಡುಕುವ ಬಹುವಿಧ ಪಿಸಿಆರ್ ಪರೀಕ್ಷೆ ಹೆಚ್ಚಿದಂತೆ ಮೊದಲು ಹೆಸರಿಲ್ಲದೆ ಹೋಗುತ್ತಿದ್ದ ಸೋಂಕುಗಳಿಗೆ ಈಗ ಹೆಸರು ಸಿಗುತ್ತಿದೆ ಎಂಬುದೂ ನಿಜ. ದೆಹಲಿಯ ಏಮ್ಸ್‌ನ 67 ಮಾದರಿಗಳಲ್ಲಿ 7ರಲ್ಲಿ ಮೈಕೋಪ್ಲಾಸ್ಮಾ ಸಿಕ್ಕಿದ್ದನ್ನು 2023ರ ಡಿಸೆಂಬರ್‌ನಲ್ಲಿ ಮಾಧ್ಯಮಗಳು ಚೀನಾದ ಕಾಯಿಲೆ ಬಂತು ಎಂದು ಬರೆದಾಗ, ಅದು ನಮ್ಮಲ್ಲಿ ಮೊದಲಿಂದಲೂ ಇರುವ ಸಾಮಾನ್ಯ ಬ್ಯಾಕ್ಟೀರಿಯಾ ಎಂದು ಆರೋಗ್ಯ ಸಚಿವಾಲಯ ಸ್ಪಷ್ಟಪಡಿಸಬೇಕಾಯಿತು. ಆದರೆ ವೈರಸ್ ಮುಂದೆ, ಬ್ಯಾಕ್ಟೀರಿಯಾ ಹಿಂದೆ ಎಂಬ ಕಾರ್ಯವಿಧಾನ ದೇಶ ನೋಡಿ ಬದಲಾಗುವುದಿಲ್ಲ. ಮಗುವಿನ ಶ್ವಾಸನಾಳ ಲಂಡನ್‌ನಲ್ಲಿ ಒಂದು ಬಗೆ, ಹಳೇಬೀಡಿನಲ್ಲಿ ಒಂದು ಬಗೆ ಇರುವುದಿಲ್ಲ. ನಮ್ಮಲ್ಲಿ ಬೇರೆಯಾಗಿರುವುದು ಲಸಿಕೆಯ ಇತಿಹಾಸ ಮತ್ತು ಔಷಧ ಬಳಸುವ ರೀತಿ. ಎರಡೂ ಕಡೆ ನಮಗೆ ಮಾಡಲು ಕೆಲಸವಿದೆ.

ಲಸಿಕೆಯ ಇತಿಹಾಸ ಒಂದೇ ಮನೆಯ ಮಕ್ಕಳನ್ನು ಎರಡು ಸಾಲಾಗಿ ವಿಂಗಡಿಸಿದೆ. ನ್ಯುಮೋಕಾಕಸ್ ವಿರುದ್ಧದ ಪಿಸಿವಿ ಲಸಿಕೆ ಸರ್ಕಾರದ ಕಾರ್ಯಕ್ರಮಕ್ಕೆ 2017ರಲ್ಲಿ ಹಿಮಾಚಲ ಪ್ರದೇಶ ಮತ್ತು ಬಿಹಾರ, ಉತ್ತರ ಪ್ರದೇಶದ ಕೆಲವು ಭಾಗಗಳಲ್ಲಿ ಬಂತು. ದೇಶದ ಎಲ್ಲೆಡೆಗೆ ವಿಸ್ತರಿಸಿದ್ದು 2021ರಲ್ಲಿ, ಅಂದರೆ ಕೋವಿಡ್ ನಡುವೆ. ಕರ್ನಾಟಕದ ಮಕ್ಕಳಿಗೂ ಅದು ಉಚಿತವಾಗಿ ಸಿಕ್ಕಿದ್ದು ಆ ವಿಸ್ತರಣೆಯಲ್ಲೇ. ಆರನೇ ವಾರ, ಹದಿನಾಲ್ಕನೇ ವಾರ, ಒಂಬತ್ತನೇ ತಿಂಗಳು, ಹೀಗೆ ಮೂರು ಡೋಸ್. ಮೊದಲ ಡೋಸ್ ವರ್ಷ ತುಂಬುವುದರೊಳಗೆ ಆಗಬೇಕು. ಆ ವಿಸ್ತರಣೆಗೂ ಮೊದಲು ಹುಟ್ಟಿದ ಅಕ್ಕನಿಗೆ ಖಾಸಗಿಯಲ್ಲಿ ಸಾವಿರಾರು ರೂಪಾಯಿ ಕೊಟ್ಟು ಹಾಕಿಸದಿದ್ದರೆ ಈ ರಕ್ಷಣೆ ಇಲ್ಲ, ಆಮೇಲೆ ಹುಟ್ಟಿದ ತಮ್ಮನಿಗೆ ಇದೆ. ಮೂಗಿನಲ್ಲಿ ಬ್ಯಾಕ್ಟೀರಿಯಾ ನೆಲೆಸುವುದನ್ನೂ ಈ ಲಸಿಕೆ ತಗ್ಗಿಸುವುದರಿಂದ, ತಮ್ಮನಿಗೆ ಹಾಕಿಸಿದ್ದು ಅಕ್ಕನನ್ನೂ ಅಜ್ಜಿಯನ್ನೂ ಸ್ವಲ್ಪಮಟ್ಟಿಗೆ ಕಾಯುತ್ತದೆ. ಕೋವಿಡ್ ಗದ್ದಲದಲ್ಲಿ ಹಳೆಯ ಲಸಿಕೆಗಳೂ ತಪ್ಪಿದವು. ಡಿಪಿಟಿಯ ಒಂದು ಡೋಸೂ ಸಿಗದ ಮಕ್ಕಳು ಭಾರತದಲ್ಲಿ 2021ರಲ್ಲಿ 27 ಲಕ್ಷ ಇದ್ದರು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅಂದಾಜು. 2022ರಲ್ಲಿ ಅದು 11 ಲಕ್ಷಕ್ಕೆ ಇಳಿಯಿತು. ಚೇತರಿಕೆ ದೊಡ್ಡದು, ನಿಜ. ಆದರೆ ಆ ಎರಡು ವರ್ಷ ತಪ್ಪಿಸಿಕೊಂಡ ಮಕ್ಕಳು ಈಗ ಶಾಲೆಯಲ್ಲಿದ್ದಾರೆ. ಒಂದೂವರೆ ವರ್ಷಕ್ಕೆ ಮತ್ತು ಐದು ವರ್ಷಕ್ಕೆ ಆಗಬೇಕಿದ್ದ ಡಿಪಿಟಿ ಬೂಸ್ಟರ್ ಆಗಿದೆಯೇ ಎಂದು ಅವರ ಕಾರ್ಡ್ ತೆಗೆದು ನೋಡದೆ ಗೊತ್ತಾಗುವುದಿಲ್ಲ. ನಾಯಿಕೆಮ್ಮು, ಗಂಟಲಮಾರಿ ಎರಡನ್ನೂ ತಡೆಯುವುದು ಆ ಬೂಸ್ಟರೇ.

ಔಷಧದ ವಿಷಯಕ್ಕೆ ಬಂದರೆ, ಕೋವಿಡ್ ನಮಗೆ ಕಲಿಸಿದ ಕೆಟ್ಟ ಅಭ್ಯಾಸಗಳಲ್ಲಿ ಅಜಿತ್ರೋಮೈಸಿನ್ ಮೋಹ ಒಂದು. ಕೋವಿಡ್‌ಗೆ ಅದರಿಂದ ಪ್ರಯೋಜನವಿಲ್ಲ ಎಂದು ಬ್ರಿಟನ್ನಿನ ದೊಡ್ಡ ಪ್ರಯೋಗಗಳು 2021ರಲ್ಲೇ ಖಚಿತಪಡಿಸಿದವು. ಅಷ್ಟರಲ್ಲಿ ಅದರ ಹೆಸರು ಮನೆಮನೆಗೂ ಪರಿಚಯವಾಗಿತ್ತು. ಇಂದಿಗೂ ಮಗು ಕೆಮ್ಮಿದರೆ ಚೀಟಿಯಿಲ್ಲದೆ ಮೆಡಿಕಲ್‌ಗೆ ಹೋಗಿ ಅದನ್ನೇ ಕೇಳುವವರಿದ್ದಾರೆ. ವೈರಸ್‌ನಿಂದ ಬಂದ ಕೆಮ್ಮಿಗೆ ಯಾವ ಆಂಟಿಬಯೋಟಿಕ್ಕೂ ಕೆಲಸ ಮಾಡುವುದಿಲ್ಲ. ಮೈಕೋಪ್ಲಾಸ್ಮಾಕ್ಕೆ ಕೋಶಭಿತ್ತಿ ಇಲ್ಲದ ಕಾರಣ ಕೋಶಭಿತ್ತಿಯನ್ನೇ ಗುರಿಯಾಗಿಸುವ ಅಮಾಕ್ಸಿಸಿಲಿನ್ ಅದಕ್ಕೆ ನಾಟದು. ಅದಕ್ಕೆ ಬೇಕಾದ್ದು ಅಜಿತ್ರೋಮೈಸಿನ್ ಗುಂಪಿನ ಔಷಧವೇ. ಆದರೆ ಚೀನಾದಲ್ಲಿ ಆ ಔಷಧ ಅತಿಯಾಗಿ ಬಳಕೆಯಾಗಿ ಅಲ್ಲಿನ ಮೈಕೋಪ್ಲಾಸ್ಮಾದ ಬಹುಪಾಲು ಅದಕ್ಕೆ ಬಗ್ಗುತ್ತಿಲ್ಲ. ನಿಜವಾಗಿ ಬೇಕಾದ ದಿನ ಔಷಧ ಕೈಕೊಡದಿರಲಿ ಎಂದಾದರೆ ಬೇಡದ ದಿನ ಅದನ್ನು ಮುಟ್ಟಬಾರದು. ಹಳ್ಳಿಯಲ್ಲಿ ಡಾಕ್ಟರ್ ದೂರ, ಮುಂಜಾಗ್ರತೆಗೆ ಒಂದು ಬಾಟಲಿ ಕುಡಿಸಿದರೆ ತಪ್ಪೇನು ಎಂದು ಕೇಳುವ ತಾಯಿಯ ಆತಂಕ ಸುಳ್ಳಲ್ಲ. ಆದರೆ ಆ ಬಾಟಲಿ ಎರಡು ರೀತಿಯಲ್ಲಿ ಕೆಡುಕು ಮಾಡುತ್ತದೆ: ನಿಜವಾದ ನ್ಯುಮೋನಿಯಾ ಇದ್ದರೆ ಆಸ್ಪತ್ರೆಗೆ ಹೋಗುವುದು ಎರಡು ದಿನ ತಡವಾಗುತ್ತದೆ, ಇಲ್ಲದಿದ್ದರೆ ಮುಂದಿನ ಸಲಕ್ಕೆ ಔಷಧದ ಬಲ ಕುಂದುತ್ತದೆ. ಎರಡು ವಾರ ದಾಟಿದ ಕೆಮ್ಮಿನ ಹಿಂದೆ ಕ್ಷಯವೂ ಇರಬಹುದು. ದೇಶದಲ್ಲಿ ದಾಖಲಾದ ಕ್ಷಯ ರೋಗಿಗಳ ಸಂಖ್ಯೆ 2019ರ 24 ಲಕ್ಷದಿಂದ 2020ರಲ್ಲಿ 18 ಲಕ್ಷಕ್ಕೆ ಬಿದ್ದದ್ದು ಕಾಯಿಲೆ ಕಡಿಮೆಯಾಗಿ ಅಲ್ಲ, ಪತ್ತೆ ಹಚ್ಚುವುದು ನಿಂತು. ಪತ್ತೆಯಾಗದ ದೊಡ್ಡವರ ಪಕ್ಕದಲ್ಲೇ ಮಕ್ಕಳು ಮಲಗಿದ್ದರು.

ಹಾಗಾದರೆ ಯಾವ ಕೆಮ್ಮಿಗೆ ಓಡಬೇಕು, ಯಾವುದಕ್ಕೆ ಕಾಯಬಹುದು? ಇದಕ್ಕೆ ಪ್ರಯೋಗಾಲಯ ಬೇಡ, ಒಂದು ನಿಮಿಷ ಸಾಕು. ಮಗು ಅಳುತ್ತಿರುವಾಗಲೋ ಹಾಲು ಕುಡಿಯುತ್ತಿರುವಾಗಲೋ ಬೇಡ. ತಾಯಿಯ ಮಡಿಲಲ್ಲಿ ಸಮಾಧಾನವಾಗಿದ್ದಾಗ ಅಂಗಿಯನ್ನು ಎದೆಯ ಮೇಲಕ್ಕೆ ಸರಿಸಿ, ಬೆಳಕಿಗೆ ತಿರುಗಿಸಿ, ಹೊಟ್ಟೆ ಒಮ್ಮೆ ಏರಿ ಇಳಿದರೆ ಒಂದು ಎಂದು ಎಣಿಸಬೇಕು. ಮೊಬೈಲಿನ ಗಡಿಯಾರದಲ್ಲಿ ಪೂರ್ತಿ ಅರವತ್ತು ಸೆಕೆಂಡ್ ಆಗಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಬೇಡ, ಚಿಕ್ಕ ಮಕ್ಕಳ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ. ಎರಡು ತಿಂಗಳೊಳಗಿನ ಶಿಶುವಿಗೆ 60 ಅಥವಾ ಅದಕ್ಕೂ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು, ಅದೇ ದಿನ ಆರೋಗ್ಯ ಕೇಂದ್ರಕ್ಕೆ ತೋರಿಸಬೇಕು. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ, ಮಗು ಹಾಲು ಬಿಟ್ಟರೆ, ಕುಡಿಸಿದ್ದೆಲ್ಲ ವಾಂತಿ ಮಾಡಿದರೆ, ಮಂಕಾದರೆ, ಫಿಟ್ಸ್ ಬಂದರೆ ಒಂದು ಗಂಟೆಯೂ ಕಾಯಬಾರದು. ವೇಗದ ಉಸಿರಿನ ಸಾಧಾರಣ ನ್ಯುಮೋನಿಯಾಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಮೊದಲು ಸೂಚಿಸುವ ಔಷಧ ಹಳೆಯ, ಅಗ್ಗದ ಅಮಾಕ್ಸಿಸಿಲಿನ್. ಕೇಂದ್ರ ಸರ್ಕಾರ 2019ರ ನವೆಂಬರ್‌ನಲ್ಲಿ ಶುರುಮಾಡಿದ ‘ಸಾನ್ಸ್’ ಅಭಿಯಾನ ನಿಂತಿರುವುದೇ ಈ ಎಣಿಕೆಯ ಮೇಲೆ. ಪ್ರತಿವರ್ಷ ನವೆಂಬರ್ 12ರಿಂದ ಫೆಬ್ರುವರಿ ಕೊನೆಯವರೆಗೆ ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಇದನ್ನು ಹೇಳಿಕೊಡಬೇಕು. ಅಭಿಯಾನದ ಮೂರೂವರೆ ತಿಂಗಳ ಚೌಕಟ್ಟು ಮಾತ್ರ ಹಳೆಯ ಕ್ಯಾಲೆಂಡರಿನದು. ಅಲೆಗಳು ಕಾಲ ತಪ್ಪಿ ಬರುತ್ತಿರುವಾಗ ಎಣಿಕೆ ವರ್ಷವಿಡೀ ನಡೆಯಬೇಕು.

ಈ ಮೂರು ಊರುಗಳಿಗೆ ಅವವುಗಳದೇ ಕಾಳಜಿಗಳಿವೆ. ಅರಸೀಕೆರೆ ರೈಲ್ವೆ ಜಂಕ್ಷನ್, ಕೊಬ್ಬರಿಯ ಸೀಮೆ. ತೆಂಗಿನ ಗರಿ, ಮಟ್ಟೆ, ಕರಟ ಹೇರಳವಾಗಿ ಸಿಗುವುದರಿಂದ ಗ್ಯಾಸ್ ಇದ್ದ ಮನೆಯಲ್ಲೂ ಸ್ನಾನದ ನೀರಿಗೆ ಒಲೆ ಉರಿಯುತ್ತದೆ. ಆ ಹೊಗೆ ಉಸಿರುನಾಳದ ರೋಮಗಳನ್ನು ವೈರಸ್‌ನಂತೆಯೇ ಹಾಳುಮಾಡುತ್ತದೆ. ಒಲೆಯ ಮುಂದೆ ಬೆಚ್ಚಗಿರಲೆಂದು ಕೂಸನ್ನು ಮಲಗಿಸುವುದನ್ನು ಬಿಟ್ಟರೂ ಅರ್ಧ ಕೆಲಸವಾದಂತೆ. ಬೇಲೂರು ತಾಲ್ಲೂಕಿನ ಕಾಫಿ ತೋಟಗಳಲ್ಲಿ ಹಣ್ಣು ಕೊಯ್ಲಿನ ಕಾಲವೂ ನ್ಯುಮೋನಿಯಾ ಕಾಲವೂ ಒಂದೇ. ಹೊರಗಿಂದ ಕೆಲಸಕ್ಕೆ ಬಂದವರ ಮಕ್ಕಳು ಲೈನ್ ಮನೆಗಳಲ್ಲಿ ಒತ್ತಾಗಿ ಇರುತ್ತಾರೆ, ಕಾರ್ಡ್ ಊರಲ್ಲೇ ಉಳಿದಿರುತ್ತದೆ. ಯಾವ ಊರಿನ ಮಗುವಾದರೂ ಇದ್ದ ಕಡೆಯೇ ಲಸಿಕೆ ಪಡೆಯಲು ಅನುವಾಗುವಂತೆ ಯು-ವಿನ್ ಪೋರ್ಟಲ್ ಬಂದಿದೆ. ತೋಟದ ಮಾಲೀಕರು ಕೂಲಿಯ ಲೆಕ್ಕದ ಜೊತೆಗೆ ಮಕ್ಕಳ ಪಟ್ಟಿಯನ್ನೂ ಆರೋಗ್ಯ ಕೇಂದ್ರಕ್ಕೆ ಕೊಟ್ಟರೆ ಸಾಕು. 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಬೇಲೂರು, ಹಳೇಬೀಡಿನ ದೇವಾಲಯಗಳಿಗೆ ಶಾಲಾ ಪ್ರವಾಸದ ಬಸ್ಸುಗಳು ಬರುವುದೂ ಚಳಿಗಾಲದಲ್ಲೇ. ಜ್ವರ ಇರುವ ಮಗುವನ್ನು ಬಸ್ಸಿಗೆ ಹತ್ತಿಸದಿರುವುದು, ಶಾಲೆಗೆ ಕಳಿಸದಿರುವುದು ಕೋವಿಡ್ ಕಲಿಸಿದ ಒಳ್ಳೆಯ ಅಭ್ಯಾಸ. ಅದನ್ನು ಉಳಿಸಿಕೊಳ್ಳಬೇಕಾದರೆ ಹಾಜರಾತಿಗೆ ಬಹುಮಾನ ಕೊಡುವ ಶಾಲೆಗಳು ಮೊದಲು ಮನಸ್ಸು ಬದಲಿಸಬೇಕು.

ಬ್ಯಾಕ್ಟೀರಿಯಾ ನಮ್ಮ ಮಕ್ಕಳ ಮೂಗಿನಲ್ಲಿ ಮೊದಲೂ ಇತ್ತು, ಮುಂದೆಯೂ ಇರುತ್ತದೆ. ಅದು ಎದೆಗೆ ಇಳಿಯದಂತೆ ತಡೆಯುವ ಲಸಿಕೆ ಉಚಿತವಾಗಿ ಸಿಗುತ್ತಿದೆ, ಇಳಿದರೆ ಗುರುತಿಸುವ ವಿಧಾನಕ್ಕೆ ಕಾಸು ಖರ್ಚಿಲ್ಲ, ಗುಣಪಡಿಸುವ ಔಷಧ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇರಬೇಕಾದದ್ದು. ತಾಲ್ಲೂಕು ಆಡಳಿತ ಒಂದನೇ ತರಗತಿಗೆ ಸೇರುವ ಪ್ರತಿ ಮಗುವಿನ ತಾಯಿ ಕಾರ್ಡ್ ಪರಿಶೀಲಿಸಿ, ತಪ್ಪಿದ ಡೋಸ್‌ಗಳನ್ನು ಶಾಲೆಯಲ್ಲೇ ಹಾಕಿಸುವ ವ್ಯವಸ್ಥೆ ಮಾಡಲಿ. ಓದುಗರಲ್ಲಿ ಕೇಳುವುದು ಇಷ್ಟೇ: ಮನೆಯಲ್ಲಿ ಐದು ವರ್ಷದೊಳಗಿನ ಮಗುವಿದ್ದರೆ ಇವತ್ತೇ ಆ ಕಾರ್ಡ್ ತೆಗೆದು ಪಿಸಿವಿಯ ಮೂರು ಡೋಸ್ ಮತ್ತು ಡಿಪಿಟಿ ಬೂಸ್ಟರ್ ಎದುರಿಗೆ ತಾರೀಕು ಇದೆಯೇ ನೋಡಿ. ಖಾಲಿ ಇದ್ದರೆ ಮುಂದಿನ ಲಸಿಕಾ ದಿನಕ್ಕೆ ಮಗುವನ್ನು ಕರೆದುಕೊಂಡು ಹೋಗಿ.